ಹನ್ನೊಂದು ಮುಯ್ಯಾಳು

ನಮ್ಮ ಊರಿನಲ್ಲಿ ಬಿ.ಎ. ಪಾಸು ಮಾಡಿದ ಮೊದಲನೆಯವನು ನಾನು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಸುಮ್ಮನೆ ಬಂದದ್ದಲ್ಲ ಅದು. ಶಿಂಷಾ ಹೊಳೆ ದಾಟಿ ಮದ್ದೂರಿನ ಸ್ಕೂಲಿಗೆ ನಡೆದೆ. ಮಂಡ್ಯದಲ್ಲಿ ದೂರದ ನೆಂಟರ ಮನೆಯ ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಮಲಗಿ ಹೈಸ್ಕೂಲು ಮುಗಿಸಿದೆ. ಮೈಸೂರಿನ ಕಾಲೇಜಿನಲ್ಲಿದ್ದಷ್ಟು ಕಾಲ ಮನೆಯಿಂದ ಹೊತ್ತುಕೊಂಡು ಹೋದ ರಾಗಿ ಹಿಟ್ಟೇ ನನ್ನ ಅನ್ನ. ಇಂಟರ್‌ಮೀಡಿಯೆಟ್ಟಿನಲ್ಲಿ ಇಂಗ್ಲಿಷಿಗೆ ಒಂದು ಸಲ ಡುಮ್ಕಿ ಹೊಡೆದು, ಮತ್ತೆ ಕಟ್ಟಿ ಪಾಸು ಮಾಡಿಕೊಂಡೆ. ಆದ್ದರಿಂದ ನನ್ನ ಹೆಸರಿನ ಮುಂದಿನ ಆ ಎರಡು ಅಕ್ಷರವನ್ನು ಯಾರಾದರೂ ಬಿಟ್ಟು ಬರೆದರೆ ಈಗಲೂ ನಾನೇ ಸೇರಿಸಿಬಿಡುತ್ತೇನೆ.

ಆದರೆ ಆ ಪದವಿ ಬಂದ ಮೇಲೆ ಒಂದು ಸಂಗತಿ ನನ್ನ ಕೈಬಿಟ್ಟು ಹೋಯಿತು. ಮದ್ದೂರಿನ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರಾಗಿ ಊರಿಗೆ ವಾಪಸಾದಾಗ ನನ್ನನ್ನು ‘ಲೇ’ ಅನ್ನುವವರೇ ಇರಲಿಲ್ಲ. ಜೊತೆಯಲ್ಲಿ ದನ ಮೇಯಿಸಿದವರು, ಹೊಳೆಯ ಮಡುವಿಗೆ ಹಾರಿದವರು, ನಾನು ಹೋದರೆ ಜಗಲಿಯಿಂದ ಎದ್ದು ನಿಲ್ಲತೊಡಗಿದರು. ಬಾಲ್ಯದಲ್ಲಿ ನನ್ನ ಕಿವಿ ಹಿಂಡಿದ್ದ ದೊಡ್ಡಪ್ಪನೇ ಚಾಪೆ ಹಾಸಿಸಿ, “ಬನ್ನಿ ಮೇಷ್ಟ್ರೇ, ಕುಂತ್ಕಳಿ,” ಅನ್ನುತ್ತಿದ್ದ. ಅವ್ವ ಕೂಡ ಬಂದವರ ಮುಂದೆ “ಅವ್ರು ಉಣ್ತಾವ್ರೆ, ವಸಿ ತಡೀರಿ,” ಎನ್ನುವಳು. ಅವ್ರು ಅಂದರೆ ನಾನು! ಮೊದಮೊದಲು ಹಿತವಾಗಿತ್ತು, ಸುಳ್ಳು ಹೇಳುವುದಿಲ್ಲ. ಒಂದೆರಡು ತಿಂಗಳಿಗೆ ನೆಂಟರ ಮನೆಯಲ್ಲಿದ್ದ ಹಾಗೆ ಆಗತೊಡಗಿತು.

ಒಂದೇ ಒಂದು ಜಾಗದಲ್ಲಿ ಈ ಕಾಟ ಇರಲಿಲ್ಲ. ಅದು ಮದ್ದೂರಿಗೂ ನಮ್ಮ ಊರಿಗೂ ನಡುವೆ, ಹೊಳೆಯ ದಡದಲ್ಲಿದ್ದ ಫುಟ್‌ಬಾಲ್ ಬಯಲು. ಪಂಚೆ ಎತ್ತಿ ಕಟ್ಟಿ ಬರಿಗಾಲಲ್ಲಿ ಅಲ್ಲಿಗೆ ಇಳಿದೆನೆಂದರೆ ನಾನು ಎಡಗಡೆಯ ಆಟಗಾರ, ಅಷ್ಟೆ. ಚೆಂಡು ತಪ್ಪಿಸಿಕೊಂಡರೆ ನಮ್ಮ ಕ್ಯಾಪ್ಟನ್ನು ಅರ್ಧ ಮೈಲಿಗೆ ಕೇಳುವ ಹಾಗೆ ಬೈಯುತ್ತಿದ್ದ. ಅವನು ನಮ್ಮ ಕೇರಿಯವನೇ, ನಾನು ಮೂರನೇ ಕ್ಲಾಸಿಗೆ ಹೋದಾಗ ಸ್ಕೂಲು ಬಿಟ್ಟು ನೇಗಿಲು ಹಿಡಿದವನು. ಬೆಳಿಗ್ಗೆ ಬೀದಿಯಲ್ಲಿ ನನಗೆ “ನಮಸ್ಕಾರ ಮೇಷ್ಟ್ರೇ” ಎಂದವನೇ ಸಂಜೆ ಬಯಲಿನಲ್ಲಿ “ಲೇ, ಕಾಲೇನು ಸಾಲ ತಂದಿದ್ದೀಯೇನ್ಲಾ?” ಎಂದು ಕೂಗುವನು. ಆ ಬೈಗುಳಕ್ಕೋಸ್ಕರವೇ ನಾನು ಸ್ಕೂಲು ಬಿಟ್ಟ ಕೂಡಲೇ ಅಲ್ಲಿಗೆ ಓಡುತ್ತಿದ್ದೆ.

ಕ್ಲಬ್ಬು ಕಟ್ಟಿದವರು ಮದ್ದೂರಿನ ಒಬ್ಬ ಬೆಲ್ಲದ ಮಂಡಿಯ ಸಾಹುಕಾರರು. ಬೆಂಗಳೂರಿನ ದಂಡಿನ ಪ್ರದೇಶದಲ್ಲಿ ಸೋಲ್ಜರುಗಳು ಆಡುವುದನ್ನು ನೋಡಿ ಹುಚ್ಚು ಹತ್ತಿಸಿಕೊಂಡು ಬಂದವರು. ಸ್ವತಃ ಒಂದು ಸಲವೂ ಚೆಂಡು ಒದ್ದವರಲ್ಲ. ದಪ್ಪ ಮೈ, ಕಚ್ಚೆಪಂಚೆ, ಕೈಯಲ್ಲೊಂದು ಕೊಡೆ. ಬಯಲು ಅವರದು, ಚೆಂಡು ಅವರದು, ಬನಿಯನ್ನು ಅವರದು. ಗೆದ್ದರೂ ಸೋತರೂ ಆಟ ಮುಗಿದ ಮೇಲೆ ಸ್ಟೇಷನ್ನಿನಿಂದ ವಡೆ ತರಿಸುತ್ತಿದ್ದರು. ಹೊಸ ಚೆಂಡು ಬಂದಾಗ ಅದಕ್ಕೆ ತಾವೇ ಹರಳೆಣ್ಣೆ ತಿಕ್ಕುತ್ತಾ ಕೂರುವರು, ಎಳೆ ಮಗುವಿಗೆ ತಿಕ್ಕಿದ ಹಾಗೆ.

ಯುದ್ಧ ಬಂತು. ಬೆಲ್ಲ ಸಾಗಿಸಲು ರೈಲಿನ ವ್ಯಾಗನ್ನು ಸಿಗದ ಕಾಲ. ಸಾಹುಕಾರರು ಸಾಲ ಮಾಡಿ ಕೊಂಡಿದ್ದ ಬೆಲ್ಲವೆಲ್ಲ ಮಂಡಿಯಲ್ಲೇ ಕೂತಿತು. ಆ ವರ್ಷ ಮಳೆಯೂ ಜೋರು. ಬೆಲ್ಲ ನೀರೊಡೆದು ಬಾಗಿಲ ಸಂದಿಯಿಂದ ಬೀದಿಗೆ ಇಳಿಯಿತು. ಇರುವೆ, ನೊಣ, ಜೇನು ಎಲ್ಲಕ್ಕೂ ಹಬ್ಬ. ಮಳೆಗಾಲ ಮುಗಿಯುವಷ್ಟರಲ್ಲಿ ಮಂಡಿಗೆ ಬೀಗ ಬಿತ್ತು, ಮನೆ ಮಾರಿಹೋಯಿತು. ಸಾಹುಕಾರರಿಗೆ ಉಳಿದದ್ದು ನಮ್ಮ ಬಯಲು ಮತ್ತು ಅದಕ್ಕೆ ಅಂಟಿಕೊಂಡಿದ್ದ ಒಂದು ಕಬ್ಬಿನ ಗದ್ದೆ. ಸಾಲ ಕೊಟ್ಟವನು ಅವೆರಡನ್ನೂ ಒಟ್ಟಿಗೆ ಅಡವು ಬರೆಸಿಕೊಂಡು, ಬಯಲನ್ನೂ ಉತ್ತು ಕಬ್ಬು ಹಾಕುತ್ತೇನೆಂದು ಕುಳಿತಿದ್ದ. ಸುಗ್ಗಿ ಮುಗಿಯುವವರೆಗೆ ಮಾತ್ರ ಗಡುವು.

ಸಾಹುಕಾರರು ನನ್ನನ್ನು ಕರೆಸಿದರು. ಬಾಡಿಗೆ ಕೋಣೆಯಲ್ಲಿ ಚಾಪೆಯ ಮೇಲೆ ಕುಳಿತಿದ್ದರು.

“ಮೇಷ್ಟ್ರೇ, ನೀವು ಓದಿದೋರು. ನಾಕು ಜನರ ಹತ್ರ ಮಾತಾಡಬಲ್ಲಿರಿ. ಕ್ಲಬ್ಬಿಗೆ ಯಾರಾದರೂ ಯಜಮಾನರನ್ನ ಹುಡುಕಿ. ಬಯಲು ಅವರೇ ಬಿಡಿಸಿಕೊಳ್ಳಲಿ. ನನ್ನದೇನೂ ಇಲ್ಲ, ಹುಡುಗರು ಆಡ್ಲಿ.”

ಕೊಡೆಯ ಹಿಡಿಯನ್ನು ತಿರುಗಿಸುತ್ತಲೇ ಇದ್ದರು. ನಾನು ಹುಡುಕುತ್ತೇನೆಂದು ಮಾತು ಕೊಟ್ಟು ಬಂದೆ.

ಮೊದಲು ಹೋದದ್ದು ಮಳವಳ್ಳಿಗೆ. ಪೆಟ್ರೋಲು ಇಲ್ಲದ ಕಾಲ, ಬಸ್ಸು ಇದ್ದಿಲಿನ ಹೊಗೆಯಲ್ಲಿ ಓಡುತ್ತಿತ್ತು. ಏರು ಬಂದರೆ ನಾವೇ ಇಳಿದು ತಳ್ಳಬೇಕು. ಜೊತೆಗೆ ನಮ್ಮ ಗೋಲಿಯನ್ನೂ ಕರೆದುಕೊಂಡಿದ್ದೆ. ಗೋಲ್ ಕಾಯುತ್ತಿದ್ದ ಅವನನ್ನು ನಾವೆಲ್ಲ ಹಾಗೇ ಕರೆಯುತ್ತಿದ್ದುದು. ಮದ್ದೂರಿನ ಸಾಬರ ಕೇರಿಯವನು, ಇದೇ ಬಸ್ಸುಗಳನ್ನು ರಿಪೇರಿ ಮಾಡುವ ಮೆಕ್ಯಾನಿಕ್ಕು. ದಾರಿಯುದ್ದಕ್ಕೂ ಡ್ರೈವರನಿಗೆ ಬುದ್ಧಿ ಹೇಳುತ್ತಾ, ಬೈಸಿಕೊಳ್ಳುತ್ತಾ ಬಂದ.

ಮಳವಳ್ಳಿಯಲ್ಲಿ ಒಬ್ಬರಿಗೆ ರೇಷ್ಮೆಯಲ್ಲಿ ಕೈತುಂಬ ಲಾಭ ಬಂದಿತ್ತು. ಕಾಫಿ ಕೊಟ್ಟು, ಕ್ಲಬ್ಬು ತಗೊಳ್ಳುತ್ತೇನೆ ಎಂದರು. ಆದರೆ ತಮ್ಮ ಅಳಿಯನನ್ನು ಮುಂದಿನ ಸಾಲಿನ ನಡುವೆ ಆಡಿಸಬೇಕು, ಅವನೇ ಕ್ಯಾಪ್ಟನ್ನು. ಅಳಿಯದೇವರು ಹೊರಗೆ ಬಂದರು. ಮೆಟ್ಟಿಲು ಇಳಿಯುವಷ್ಟರಲ್ಲಿ ಏದುಸಿರು.

ವಾಪಸು ಬರುವಾಗ ಗೋಲಿ ಕೇಳಿದ, “ಅವನು ಚೆಂಡಿನ ಹಿಂದೆ ಓಡ್ತಾನೋ, ಚೆಂಡೇ ಅವನನ್ನ ಹುಡುಕ್ಕೊಂಡು ಬರಬೇಕೋ?”

ಆಮೇಲೆ ಶಿವನಸಮುದ್ರದ ಜಲಪಾತದ ಬಳಿಯ ಕರೆಂಟು ಕಾರ್ಖಾನೆಯಲ್ಲಿ ಒಬ್ಬ ಅಧಿಕಾರಿಗಳನ್ನು ಕಂಡೆವು. ಒಳ್ಳೆಯವರು. ಅವರಿಗೆ ಆಗಲೇ ತಮ್ಮದೇ ತಂಡವಿತ್ತು. ನಮ್ಮ ಆಟ ನೋಡಿದ್ದರಂತೆ. ಗೋಲಿಯನ್ನು ಬಿಟ್ಟುಕೊಡಿ, ಕೆಲಸಕ್ಕೆ ಪ್ರಯತ್ನ ಮಾಡುತ್ತೇನೆ ಎಂದರು. ಬೇರೆಯವನಾಗಿದ್ದರೆ ಕಾಲಿಗೆ ಬೀಳುತ್ತಿದ್ದ. ಗೋಲಿ ತಲೆ ಕೆರೆದುಕೊಂಡು, “ಯೋಚ್ನೆ ಮಾಡಿ ಹೇಳ್ತೀನಿ ಸಾರ್,” ಎಂದ. ಹೊರಗೆ ಬಂದ ಮೇಲೆ ನನಗೆ ಹೇಳಿದ್ದೇ ಬೇರೆ.

“ಆ ನೀರಿನ ಸದ್ದಿನಾಗೆ ಚೆಂಡು ಬರೋದೇ ಕೇಳ್ಸಲ್ಲ ಮೇಷ್ಟ್ರೇ. ಬನ್ನಿ ಓಗಾನ.”

ಅವನು ಹೋಗಲಿಲ್ಲ ಎಂದು ಸಂತೋಷಪಟ್ಟೆ. ಆದರೆ ಬಯಲು ಹೋದರೆ ಅವನು ಇದ್ದು ಏನು ಪ್ರಯೋಜನ?

ಮೂರನೆಯವರು ಮಂಡ್ಯದ ಒಬ್ಬ ಕಂಟ್ರಾಕ್ಟರು. ದಂಡಿನ ಕ್ಯಾಂಪುಗಳಿಗೆ ತರಕಾರಿ, ಸೌದೆ, ಆಳು ಎಲ್ಲ ಒದಗಿಸುವವರು. ನಾನು ಬಿ.ಎ. ಎಂದು ತಿಳಿದ ಕೂಡಲೇ ಕುರ್ಚಿ ಎಳೆಸಿ ಕೂರಿಸಿದರು. ಷರತ್ತು ಒಂದೂ ಹಾಕಲಿಲ್ಲ. “ಭಾನುವಾರ ಬರ್ತೀನ್ರೀ, ನಿಮ್ಮ ಹುಡುಗರನ್ನ ಒಂದು ಸಲ ನೋಡಿಬಿಡ್ತೀನಿ,” ಎಂದರು. ಊರಿಗೆ ಬಂದು ಹೇಳಿದೆ. ಎಲ್ಲರೂ ಆಗಲಿ ಎಂದರು. ಭಾನುವಾರ ತಾನೇ? ಭಾನುವಾರ.

ಕಬ್ಬು ಅರೆಯುವ ಕಾಲದಲ್ಲಿ ನಮ್ಮ ಸೀಮೆಯವರು ಯಾರಿಗೂ ದಿನ ಕೊಡಬಾರದು. ಅದನ್ನು ಮೈಸೂರಿನಲ್ಲಿ ಓದುತ್ತಾ ನಾನು ಮರೆತಿದ್ದೆ, ಇಲ್ಲೇ ಇದ್ದ ಅವರು ಯೋಚಿಸಲೇ ಇಲ್ಲ.

ಊರಿಗೆಲ್ಲ ಒಂದೇ ಕಬ್ಬಿಣದ ಗಾಣ. ಒಂದು ಮನೆಯವರ ಕಬ್ಬು ಮುಗಿದ ಮೇಲೆ ಮುಂದಿನವರ ಆಲೆಮನೆಗೆ ಅದನ್ನು ಗಾಡಿಯಲ್ಲಿ ಹೊತ್ತೊಯ್ಯಬೇಕು. ಸರದಿ ಬಂದಾಗ ಕಬ್ಬು ಕಡಿಯಲೇಬೇಕು. ಕಡಿದ ಮೇಲೆ ಅರೆಯಲೇಬೇಕು, ಬಿಟ್ಟರೆ ಹುಳಿಯಾಗುತ್ತದೆ. ಕಡಿಯಲು, ಹೊರಲು, ಎತ್ತು ಹೊಡೆಯಲು, ಒಲೆಗೆ ಸಿಪ್ಪೆ ಹಾಕಲು ಹತ್ತಾರು ಕೈ ಬೇಕು. ಅದಕ್ಕೆ ಕೂಲಿಯವರನ್ನು ಕರೆಯುತ್ತಿರಲಿಲ್ಲ. ಇವತ್ತು ನಾನು ನಿನ್ನ ಮನೆಗೆ ದುಡಿದರೆ ನಾಳೆ ನೀನು ನನ್ನ ಮನೆಗೆ ದುಡಿಯಬೇಕು. ಅದು ಮುಯ್ಯಿ, ಹಾಗೆ ಬರುವವನು ಮುಯ್ಯಾಳು. ಜಮೀನಿಲ್ಲದ ನಮ್ಮ ಗೋಲಿಯೂ ಈ ಬಳಗದಲ್ಲಿದ್ದ. ಅವನು ಗಾಣದ ಕಬ್ಬಿಣ ಸರಿಮಾಡಿಕೊಡುತ್ತಿದ್ದ. ಮಳೆಗೆ ಮುಂಚೆ ಅವನ ಮನೆಯ ಹೆಂಚು ಕೈಯಾಡಿಸಲು ನಾವು ಹೋಗುತ್ತಿದ್ದೆವು.

ಆ ವಾರ ಯಾರದೋ ಕಬ್ಬು ಎಣಿಸಿದ್ದಕ್ಕಿಂತ ಬೇಗ ಮುಗಿದು, ಗಾಣ ಶನಿವಾರ ಸಂಜೆಯೇ ನಮ್ಮ ಕ್ಯಾಪ್ಟನ್ನನ ಆಲೆಮನೆಗೆ ಬಂದುಬಿಟ್ಟಿತು. ಭಾನುವಾರ ಬೆಳಿಗ್ಗೆ ನಾನು ಒಗೆದ ಬನಿಯನ್ನು ತೊಟ್ಟು ಬಯಲಿಗೆ ಹೋದರೆ ಅಲ್ಲಿ ಎರಡು ಎಮ್ಮೆ ಬಿಟ್ಟರೆ ಯಾರೂ ಇಲ್ಲ. ಆಲೆಮನೆಗೆ ಓಡಿದೆ. ನಮ್ಮ ತಂಡವೆಲ್ಲ ಕಬ್ಬಿನ ಗರಿ ಮೆತ್ತಿದ ಮೈಯಲ್ಲಿ ಅಲ್ಲಿ ದುಡಿಯುತ್ತಿತ್ತು.

“ಅವರು ರೈಲಿಳಿದು ಬರೋ ಹೊತ್ತು! ಏನು ಮಾಡೋದು ಈಗ?” ಎಂದೆ.

ಕ್ಯಾಪ್ಟನ್ನು ಬಾಗಿದ್ದವನು ತಲೆಯೆತ್ತಲಿಲ್ಲ. “ಇಲ್ಲಿಗೇ ಕರ್ಕೊಂಬನ್ನಿ ಮೇಷ್ಟ್ರೇ. ಆಲೆಮನೇಗೆ ಬಂದೋರು ಬೇಜಾರು ಮಾಡ್ಕಂಡು ಓದದ್ದು ಎಲ್ಲಾರ ಉಂಟಾ? ಆಲು ಕುಡೀಲಿ, ಬಿಸಿ ಬೆಲ್ಲ ತಿನ್ಲಿ. ಮದ್ಯಾನದ ಮ್ಯಾಕೆ ಒದಿಯಾನ.”

ಬೇರೆ ದಾರಿ ಇರಲಿಲ್ಲ. ಕಂಟ್ರಾಕ್ಟರು ಜಟಕಾದಿಂದ ಇಳಿದರು. ಬಿಳಿ ಕೋಟು, ಮಿರಮಿರ ಮಿಂಚುವ ಪಂಪ್ ಷೂ. ಕ್ಯಾಪ್ಟನ್ನನ ತಾಯಿ ತೊಳೆದ ಚೊಂಬಿನಲ್ಲಿ ನಿಂಬೆಹುಳಿ ಹಿಂಡಿದ ಕಬ್ಬಿನ ಹಾಲು ಕೊಟ್ಟಳು, ಬಾಳೆಯೆಲೆಯ ಮೇಲೆ ಬಿಸಿ ಬೆಲ್ಲ ಹಾಕಿದಳು. ಅವರು ಚೆನ್ನಾಗಿಯೇ ತಿಂದರು. ತಿನ್ನುತ್ತಾ ನೋಡುತ್ತಿದ್ದರು. ನೋಡಲು ಚೆನ್ನಾಗಿತ್ತು ಕೂಡ: ಒಬ್ಬ ಗಾಣಕ್ಕೆ ಕಬ್ಬು ಕೊಡುವುದು, ಇನ್ನೊಬ್ಬ ಸಿಪ್ಪೆ ಎಳೆಯುವುದು, ಕೊಪ್ಪರಿಗೆಯ ಪಾಕ ಹದಕ್ಕೆ ಬಂದಾಗ ನಾಲ್ವರು ಒಂದೇ ಕೂಗಿಗೆ ಅದನ್ನು ಎತ್ತಿ ಇಳಿಸುವುದು. ಚೆಂಡು ಒಬ್ಬರಿಂದೊಬ್ಬರಿಗೆ ದಾಟಿಸುವ ಹಾಗೆಯೇ. ಇವರನ್ನು ಇಲ್ಲಿ ನೋಡಿದ್ದೂ ಒಳ್ಳೆಯದೇ ಆಯಿತು ಎಂದುಕೊಂಡೆ.

“ಇವರ ಮೇಸ್ತ್ರಿ ಯಾರು?” ಕಂಟ್ರಾಕ್ಟರು ಕೇಳಿದರು.

“ಮೇಸ್ತ್ರಿ ಯಾರೂ ಇಲ್ಲ,” ಎಂದೆ.

“ಮತ್ತೆ ಕೂಲಿ ಬಟವಾಡೆ ಮಾಡೋರು?”

ಕ್ಯಾಪ್ಟನ್ನು ನಕ್ಕುಬಿಟ್ಟ. “ಕೂಲೀನಾ? ಮುಯ್ಯಾಳು ಸ್ವಾಮಿ ಇವು. ಕಾಸು ಕೊಡಾಕ್ ಓದ್ರೆ ನಮ್ಮ ಮನೆ ಬಾಕ್ಲು ತುಳಿಯಾಕಿಲ್ಲ.”

ಕಂಟ್ರಾಕ್ಟರು ಕೈ ತೊಳೆದು, ನನ್ನನ್ನು ಒಂದು ಪಕ್ಕಕ್ಕೆ ಕರೆದರು. “ಚೆಂಡು ಗಿಂಡು ಇರಲಿ ಮೇಷ್ಟ್ರೇ. ಇಂಥ ಆಳು ಈಗ ದುಡ್ಡು ಕೊಟ್ಟರೂ ಸಿಗಲ್ಲ. ಎಲ್ಲರನ್ನೂ ನನಗೆ ಬರೆದುಕೊಡಿ, ಬೆಂಗಳೂರಿನ ಕ್ಯಾಂಪಿಗೆ ಹಾಕ್ತೀನಿ. ನೀವೇ ಮೇಸ್ತ್ರಿ. ಓದಿದೋರು, ಹಾಜರಿ ತಗೊಳ್ತೀರಿ, ನಿಮ್ಮ ಮಾತು ಕೇಳ್ತಾರೆ. ಆ ಬಯಲೂ ಬಿಡಿಸಿಕೊಡ್ತೀನಿ. ರಜಾ ಸಿಕ್ಕಾಗ ಬಂದು ಒದ್ಕೊಳ್ಳಲಿ.”

ಕಣ್ಣ ಮುಂದೆ ಎಲ್ಲ ಬಂತು. ನಾನು ಕೊಡೆ ಹಿಡಿದು ನೆರಳಲ್ಲಿ ನಿಂತಿದ್ದೇನೆ. ಇವರು ಸಾಲಾಗಿ ಬಂದು “ಹಾಜರ್ ಸಾರ್” ಎನ್ನುತ್ತಿದ್ದಾರೆ, ಗೋಲಿ ಕೂಡ, ಕ್ಯಾಪ್ಟನ್ನು ಕೂಡ. ಬಯಲು ಉಳಿಯುತ್ತದೆ, ಅದರಲ್ಲಿ ನನ್ನನ್ನು ಬೈಯುವವರು ಉಳಿಯುವುದಿಲ್ಲ.

ಆದರೂ ನಾನೊಬ್ಬನೇ ಬೇಡ ಅನ್ನುವುದು ಸರಿಯಲ್ಲ. ದುಡಿಮೆ ಅವರದು. ಗಾಣ ನಿಲ್ಲಿಸಿ ಎಲ್ಲರಿಗೂ ಕೇಳುವಂತೆ ಅವರ ಮಾತನ್ನು ಹೇಳಿದೆ, ನನ್ನನ್ನು ಮೇಸ್ತ್ರಿ ಮಾಡುತ್ತಾರಂತೆ ಎಂಬುದನ್ನೂ ಸೇರಿಸಿ.

ಕ್ಯಾಪ್ಟನ್ನು ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದ.

“ನೀನೇನ್ಲಾ ಅಂದೆ?”

ಬಯಲಿನ ಹೊರಗೆ, ಹೊರಗಿನವರ ಮುಂದೆ, ಅವನು ಹಾಗೆ ಕರೆದದ್ದು ನಾನು ಊರಿಗೆ ಬಂದ ಮೇಲೆ ಅದೇ ಮೊದಲು.

“ನೀವು ನನ್ನ ಆಳಲ್ಲ, ಬರೆದುಕೊಡೋಕೆ ನಾನ್ಯಾರು? ಹೋಗೋರು ಹೋಗಬಹುದು. ನಾನು ಮೇಸ್ತ್ರಿ ಆಗಲ್ಲ,” ಎಂದೆ.

“ಅಂಗಾದ್ರೆ ನಾವೂ ಆಳಾಗಲ್ಲ,” ಎಂದು ಅವನು ಎತ್ತು ಹೊಡೆದ. ಗಾಣ ತಿರುಗತೊಡಗಿತು.

ಕಂಟ್ರಾಕ್ಟರು ಕೋಪ ಮಾಡಿಕೊಳ್ಳಲಿಲ್ಲ. ನಮ್ಮ ಬುದ್ಧಿಗೆ ಮರುಗಿದರು, ಅಷ್ಟೆ. ಆಲೆಮನೆಯಿಂದ ಬರಿಗೈಯಲ್ಲಿ ಕಳಿಸುವ ಹಾಗಿಲ್ಲ ಎಂದು ಕ್ಯಾಪ್ಟನ್ನನ ತಾಯಿ ಅವರ ಕೈಗೆ ಎರಡು ಅಚ್ಚು ಬೆಲ್ಲ ಇಟ್ಟಳು. ಅವರು ಅದನ್ನು ಕೋಟಿಗೆ ತಾಗದಂತೆ ಹಿಡಿದುಕೊಂಡು ಜಟಕಾ ಹತ್ತಿದರು.

ಅವರು ಹೋದ ಮೇಲೆ ನಾನು ಸಿಪ್ಪೆಯ ರಾಶಿಯ ಮೇಲೆ ಕುಳಿತುಬಿಟ್ಟೆ. ಮೂರು ಬಾಗಿಲೂ ಮುಚ್ಚಿದ್ದವು. ಸಾಹುಕಾರರ ಮುಂದೆ ಹೇಗೆ ನಿಲ್ಲುವುದು?

“ಓಯ್ತು ಬುಡು ಕ್ಲಬ್ಬು,” ಎಂದ ಗೋಲಿ.

ಅಚ್ಚಿನಿಂದ ಬೆಲ್ಲ ಕೆಡವುತ್ತಿದ್ದ ಆ ತಾಯಿಗೆ ರೇಗಿತು. “ಏನ್ ಗಂಡುಸ್ರಪ್ಪ ನೀವು! ಆಳು ಸಿಕ್ಕಲ್ಲ ಅಂತ ಆ ಅಪ್ಪ ಮಂಡ್ಯದಿಂದ ಇಲ್ಲೀಗಂಟ ಬಂದ. ಅತ್ಲಾಗೆ ನಿಮ್ಮ ಸಾವ್ಕಾರ್ರ ಕಬ್ಬು ಕಡಿಯೋರಿಲ್ದೆ ಊ ಬುಟ್ಕಂಡು ನಿಂತೈತೆ. ನೀವಿಲ್ಲಿ ಬೆಲ್ಲ ನೆಕ್ಕಂಡು ಅಳ್ತಾ ಕುಂತಿದ್ದೀರಿ.”

ದಿನಾ ಆ ಕಬ್ಬಿನ ಪಕ್ಕದಲ್ಲೇ ಆಡುತ್ತಿದ್ದೆವು. ಅದರೊಳಗೆ ಬಿದ್ದ ಚೆಂಡನ್ನು ಎಷ್ಟೋ ಸಲ ಹುಡುಕಿದ್ದೇವೆ. ಆ ಕಬ್ಬು ಅರೆದು ಬೆಲ್ಲ ಮಾರಿದರೆ ಬಯಲು ಬಿಡಿಸಿಕೊಳ್ಳಬಹುದಿತ್ತು. ಸಾಹುಕಾರರ ಕೈಯಲ್ಲಿ ಕೂಲಿಗೆ ಕಾಸಿಲ್ಲ, ಸಾಲಕ್ಕೆ ದುಡಿಯಲು ಯಾರೂ ಬರುವುದಿಲ್ಲ ಎಂಬುದೂ ಗೊತ್ತಿತ್ತು. ಆದರೆ ಸಾಹುಕಾರರು ಮುಯ್ಯಿಯ ಬಳಗದವರಲ್ಲ; ಪೇಟೆಯವರು. ಅವರ ಗದ್ದೆಗೆ ಮುಯ್ಯಾಳಾಗಿ ಹೋಗುವುದು ಯಾರ ತಲೆಗೂ ಹೊಳೆದಿರಲಿಲ್ಲ.

“ಅವ್ರು ತಿರ್ಗಾ ಮುಯ್ಯಿ ಎಂಗ್ಲಾ ತೀರಿಸ್ತಾರೆ?” ಯಾರೋ ಕೇಳಿದರು.

“ಅವ್ರೇನು ತೀರ್ಸಾದು?” ಕ್ಯಾಪ್ಟನ್ನು ಎತ್ತು ನಿಲ್ಲಿಸಿದ. “ಇಷ್ಟು ವರ್ಸ ಚೆಂಡು ತಂದ್ಕೊಟ್ರಲ್ಲ, ವಡೆ ತಿನ್ಸುದ್ರಲ್ಲ. ನಾವ್ ಅದ್ನ ಯಾವತ್ತಾರ ತೀರ್ಸಿದ್ವಾ? ಈಗ ತೀರ್ಸಾನ.”

ಸಾಹುಕಾರರನ್ನು ಒಪ್ಪಿಸುವುದೇ ಕಷ್ಟವಾಯಿತು. “ಕೂಲಿ ಕೊಡೋಕೆ ನನ್ನ ಹತ್ರ ಏನೂ ಇಲ್ಲ ಕಣ್ರಪ್ಪ,” ಎಂದು ಕಣ್ಣು ಒರೆಸಿಕೊಂಡರು. ಗೋಲಿ, “ಬುದ್ದಿ, ನಾವು ಕೇಳಾಕ್ ಬಂದಿಲ್ಲ, ಯೋಳಾಕ್ ಬಂದಿವಿ,” ಎಂದು ಮಾತು ಮುಗಿಸಿದ. ಊರಿನ ಹಿರಿಯರು ಗಾಣದ ಸರದಿಯಲ್ಲಿ ಸಾಹುಕಾರರನ್ನೂ ಸೇರಿಸಿದರು. ಸ್ಕೂಲಿಗೆ ರಜೆ ಇದ್ದ ದಿನಗಳಲ್ಲಿ ನಾನೂ ಕಡಿದೆ. ಎಷ್ಟೋ ವರ್ಷದ ಮೇಲೆ ಕುಡುಗೋಲು ಹಿಡಿದಿದ್ದೆ. ಮೊದಲ ದಿನವೇ ಅಂಗೈ ಬೊಬ್ಬೆ ಎದ್ದಿತು, ಸೀಮೆಸುಣ್ಣ ಹಿಡಿಯಲಾಗದೆ ಮಕ್ಕಳಿಂದಲೇ ಬೋರ್ಡಿನ ಮೇಲೆ ಬರೆಸಿದೆ.

ಬೆಲ್ಲ ಚೆನ್ನಾಗಿ ಬಂತು. ಈ ಸಲ ವ್ಯಾಗನ್ನಿಗೆ ಕಾಯದೆ ಗಾಡಿಗಳಲ್ಲೇ ಹೊರಗೆ ಸಾಗಿಸಿದೆವು, ಬೆಲೆಯೂ ಇತ್ತು. ಸಾಲವೆಲ್ಲ ತೀರಿತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ತೀರಲಿಲ್ಲ. ಕಬ್ಬಿನ ಗದ್ದೆ ಹೋಯಿತು. ಬೆಲ್ಲದ ಹಣಕ್ಕೆ ಬಯಲು ಮಾತ್ರ ಬಿಡುಗಡೆಯಾಗಿ ಸಾಹುಕಾರರ ಹೆಸರಿನಲ್ಲೇ ನಿಂತಿತು. ಸಾಲ ಕೊಟ್ಟವನು ಗದ್ದೆಯ ಬದುವಿಗೆ ಕಲ್ಲು ನೆಡಿಸಿದ. ಆ ಕಲ್ಲಿನ ಈಚೆಗೆ ನಿಂತು ನಾವು ನೋಡಿದೆವು. ನನಗೆ ಉಸಿರು ಸಲೀಸಾಗಿ ಆಡಿತು. ಡಿಗ್ರಿ ಪಾಸಾಯಿತೆಂದು ತಿಳಿದ ದಿನ ಕೂಡ ಅಷ್ಟು ಹಗುರಾಗಿರಲಿಲ್ಲ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮ ಮನೆಯ ಆಲೆಮನೆಯ ಸರದಿ ಬಂದ ಬೆಳಿಗ್ಗೆ ನೋಡುತ್ತೇನೆ, ಸಾಹುಕಾರರು ಕಚ್ಚೆ ಬಿಗಿದು, ಕೊಡೆಯನ್ನು ಬೇಲಿಗೆ ನೇತುಹಾಕಿ, ಒಲೆಯ ಬಾಯಿಗೆ ಸಿಪ್ಪೆ ತಳ್ಳುತ್ತಾ ಕುಳಿತಿದ್ದಾರೆ. ಅಪ್ಪ ದಿಗಿಲುಬಿದ್ದು ಓಡಿ ಬಂದ.

“ಅಯ್ಯೋ ಬುದ್ದಿ, ಏಳಿ! ನೀವ್ ಒಲೆ ಮುಂದೆ ಕುಂತ್ಕಳಾದಾ? ನೋಡಿದೋರು ಏನಂದಾರು!”

“ಮುಯ್ಯಿ ಗೌಡ್ರೇ,” ಎಂದರು ಸಾಹುಕಾರರು, ಹೊಗೆಗೆ ಕೆಮ್ಮುತ್ತಾ. “ನನಗೆ ಕುಡುಗೋಲು ಬರಲ್ಲ. ಇದು ಬರುತ್ತೆ.”

“ನಮ್ಮ ದುಡಿಮೆ ಚೆಂಡಿನ ಬಾಬ್ತಿಗೆ ವಜಾ ಆಯ್ತಲ್ಲ?” ಎಂದೆ ನಾನು.

“ಅದು ಬೇರೆ, ಇದು ಬೇರೆ. ಸುಮ್ನೆ ಸಿಪ್ಪೆ ತಗೊಂಬನ್ನಿ.”

ಹಾಗೆ ಅವರು ತಂಡದ ಹನ್ನೊಂದೂ ಮನೆಗೆ ಹೋಗಿ ಕೈಲಾದ ಮುಯ್ಯಿ ತೀರಿಸಿದರು. ಗೋಲಿಯ ಮನೆಯಲ್ಲಿ ಮಾಡು ಹತ್ತಲಾಗದೆ ಕೆಳಗೆ ನಿಂತು ಹೆಂಚನ್ನು ಒಂದೊಂದಾಗಿ ಎತ್ತಿಕೊಟ್ಟರಂತೆ. ಕ್ಲಬ್ಬಿಗೆ ಆಮೇಲೆ ಯಜಮಾನರು ಎಂದು ಯಾರೂ ಇರಲಿಲ್ಲ, ಹುಡುಕಲೂ ಇಲ್ಲ. ಚೆಂಡು ಹಳೆಯದಾದರೆ ಮನೆಗೊಬ್ಬರಂತೆ ಬೆಲ್ಲ ತಂದು ಹಾಕುತ್ತಿದ್ದೆವು, ಅದನ್ನು ಮಾರಿ ಹೊಸದು ತರುತ್ತಿದ್ದೆವು. ಸ್ಟೇಷನ್ನಿನ ವಡೆ ನಿಂತು, ಮನೆಯ ಕಡಲೆಕಾಯಿ ಬಂತು. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷವೂ ಅದೇ ಬಯಲಿನಲ್ಲಿ ಆಡಿದೆವು. ಹರಳೆಣ್ಣೆ ತಿಕ್ಕುವ ಕೆಲಸವನ್ನು ಮಾತ್ರ ಸಾಹುಕಾರರು ಯಾರಿಗೂ ಬಿಟ್ಟುಕೊಡಲಿಲ್ಲ.

ಸುಗ್ಗಿ ಮುಗಿದ ಮೇಲೆ ಮೊದಲ ಆಟ ಮಳವಳ್ಳಿಯವರ ಮೇಲೆ. ನಮ್ಮೂರು, ವೈದ್ಯನಾಥಪುರ, ಸೋಮನಹಳ್ಳಿ ಎಲ್ಲ ಕಡೆಯಿಂದ ಜನ ಬಂದಿದ್ದರು. ನನ್ನ ಸ್ಕೂಲಿನ ಮಕ್ಕಳು, ಹೆಡ್‌ಮಾಸ್ಟರು, ದೊಡ್ಡಪ್ಪ, ಅವ್ವ ಎಲ್ಲರೂ ದಡದ ಮೇಲೆ ಸಾಲಾಗಿ ಕುಳಿತಿದ್ದರು. ಚೆಂಡು ಬಲಗಡೆಯಿಂದ ನೇರ ನನ್ನ ಕಾಲಿಗೆ ಬಂತು. ಎದುರಿಗೆ ಅವರ ಗೋಲ್ ಕಾಯುವವನು ಕೂಡ ಇರಲಿಲ್ಲ, ಮುಗ್ಗರಿಸಿ ಬಿದ್ದಿದ್ದ. ಒದ್ದೆ. ಚೆಂಡು ಕಂಬದ ಮೇಲಿಂದ ಹಾರಿ ಬದುವಿನ ಆಚೆ, ಸಾಲ ಕೊಟ್ಟವನ ಕಬ್ಬಿನ ಕೂಳೆಯೊಳಗೆ ಬಿತ್ತು.

ದಡದ ಮೇಲಿನವರೆಲ್ಲ ಕ್ಯಾಪ್ಟನ್ನನ ಕಡೆ ತಿರುಗಿದರು. ಊರೆದುರಿಗೆ ಮೇಷ್ಟ್ರನ್ನು ಯಾರು ಬೈಯುತ್ತಾರೆ?

“ಲೇ ಬಿ.ಎ.!” ಕ್ಯಾಪ್ಟನ್ನು ಹೊಳೆಯ ಆಚೆ ದಡಕ್ಕೂ ಕೇಳುವ ಹಾಗೆ ಕೂಗಿದ. “ಕಣ್ಣೇನು ಮೈಸೂರಲ್ಲೇ ಬುಟ್ಟು ಬಂದಿದ್ದೀಯೇನ್ಲಾ?”

ಮೊದಲು ನಕ್ಕವಳು ಅವ್ವ. ಆಮೇಲೆ ದೊಡ್ಡಪ್ಪ ನಕ್ಕ. ನಾನು ಬದುವಿನ ಕಲ್ಲು ದಾಟಿ ಚೆಂಡು ತರಲು ಓಡಿದೆ.